ಬೇಸಿಗೆ ಶಿಬಿರದಲ್ಲಿ ಮಗು ಬಂದೂಕು ಹಿಡಿಯುವ ಮೊದಲು

ಪರೀಕ್ಷೆ ಮುಗಿದು ಏಪ್ರಿಲ್ ಬಂತೆಂದರೆ ತುಮಕೂರಿನ ಬಿ.ಎಚ್. ರಸ್ತೆಯ ಕಂಬಗಳಿಗೆಲ್ಲ ಬೇಸಿಗೆ ಶಿಬಿರದ ಬ್ಯಾನರ್. ಈಜು, ಕರಾಟೆ, ಚೆಸ್, ಅಬಾಕಸ್, ಜೇಡಿಮಣ್ಣಿನ ಬೊಂಬೆ. ಈಚೆಗೆ ಆ ಪಟ್ಟಿಯ ಕೊನೆಗೆ ಶೂಟಿಂಗ್ ಕೂಡ ಸೇರಿಕೊಂಡಿದೆ. ಹೋದ ವರ್ಷ ನನ್ನ 11 ವರ್ಷದ ಮಗಳು ಸ್ಕೂಟರಿನ ಹಿಂದೆ ಕೂತು, ಸಿಗ್ನಲ್‌ನಲ್ಲಿ ನಿಂತಾಗ ಆ ಸಾಲು ಓದಿ, "ಅಮ್ಮ, ನಂಗೆ ಇದು" ಅಂದಳು. ಹೂಂ ಅನ್ನಲು ನನಗೆ ನಾಲ್ಕು ದಿನ ಬೇಕಾಯಿತು. ಮಧುಗಿರಿಯಿಂದ ಬಂದಿದ್ದ ಮಾವನವರಿಗೆ ಅಷ್ಟೂ ಬೇಕಾಗಲಿಲ್ಲ. "ಏನವ್ವಾ, ಮಾವಿನ ತೋಪು ಕಾಯಕ್ಕೆ ಕೂರ್ತೀಯಾ?" ಅಂತ ಮೊಮ್ಮಗಳನ್ನು ರೇಗಿಸಿ ಒಪ್ಪಿಗೆ ಕೊಟ್ಟೇಬಿಟ್ಟರು.

ಆ ನಾಲ್ಕು ದಿನದಲ್ಲಿ ನಾನು ವಿಚಾರಿಸಿದ್ದು, ಆಮೇಲಿನ 15 ದಿನದಲ್ಲಿ ಕಣ್ಣಾರೆ ಕಂಡದ್ದು, ಇವೆರಡನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಓದಲು ಪುರುಸೊತ್ತಿಲ್ಲದವರಿಗೆ ಒಂದೇ ಮಾತು ಹೇಳಿಬಿಡುತ್ತೇನೆ: ಬಂದೂಕು ಎತ್ತುವುದನ್ನು ಯಾರು ಬೇಕಾದರೂ ಕಲಿಸುತ್ತಾರೆ, ಇಳಿಸುವುದನ್ನು ಯಾವ ಶಿಬಿರ ಕಲಿಸುತ್ತದೋ ಅಲ್ಲಿಗೆ ದುಡ್ಡು ಕಟ್ಟಿ.

ಕೊಡುವುದು ಯಾವ ಬಂದೂಕು

ಹೆದರಿದವರಿಗೆ ಮೊದಲು ಇದು ಗೊತ್ತಿರಲಿ. ಮಕ್ಕಳ ಶಿಬಿರದಲ್ಲಿ ಮದ್ದುಗುಂಡಿನ ಬಂದೂಕು ಇರುವುದಿಲ್ಲ, ಇರಲೂ ಬಾರದು. ಇರುವುದು ಏರ್ ರೈಫಲ್, ಕೆಲವು ಕಡೆ ಏರ್ ಪಿಸ್ತೂಲ್. ಒಳಗೆ ಗಾಳಿಯನ್ನು ಒತ್ತಿಹಿಡಿದು ಬಿಟ್ಟಾಗ ಅದರ ನೂಕಿಗೆ ಸೀಸದ ಪೆಲೆಟ್ ಹಾರುತ್ತದೆ. ಪೆಲೆಟ್ ನೋಡಲು ಪುಟ್ಟ ಬುಡುಬುಡಿಕೆ ಹಾಗೆ, ನಡು ಸಣ್ಣ. ತೂಕ ಅರ್ಧ ಗ್ರಾಂ ಆಸುಪಾಸು, ದಪ್ಪ 4.5 ಮಿ.ಮೀ. ಇದನ್ನೇ 0.177 ಇಂಚು ಅಂತಲೂ ಹೇಳುತ್ತಾರೆ. ನಳಿಗೆ ಇದಕ್ಕಿಂತ ದಪ್ಪವಿದ್ದರೆ, ಅಥವಾ ಹೊಡೆತದ ಬಲ 20 ಜೌಲ್ ಮೀರಿದರೆ ನಮ್ಮ ದೇಶದಲ್ಲಿ ಏರ್ ಗನ್ನಿಗೂ ಲೈಸೆನ್ಸ್ ಬೇಕು. ಅದರೊಳಗಿದ್ದರೆ ಬೇಡ.

ಲೈಸೆನ್ಸ್ ಬೇಡ ಅಂದ ಕೂಡಲೇ ನಮ್ಮವರು ಅದನ್ನು ಆಟದ ಸಾಮಾನು ಅಂದುಕೊಂಡುಬಿಡುತ್ತಾರೆ. ಜಾತ್ರೆಯಲ್ಲಿ ಬಲೂನ್ ಹೊಡೆದು ಬೆಳೆದ ಜನ ನಾವು. ಹಲಗೆಗೆ ಸಾಲಾಗಿ ಬಲೂನು ಕಟ್ಟಿ, ಹತ್ತು ಗುಂಡಿಗೆ ಇಷ್ಟು ಅಂತ ಕೂಗುವ ಆ ಅಂಗಡಿಯವನ ಕೈಯಲ್ಲಿರುವುದೂ ಏರ್ ಗನ್ನೇ. ಅದೇ ಪೆಲೆಟ್ ಕಣ್ಣಿಗೆ ತಾಗಿದರೆ ಕಣ್ಣು ಹೋಯಿತು. ಶಿಬಿರದವರು ಫೋನಿನಲ್ಲಿ "ಏನೂ ಆಗಲ್ಲ ಮೇಡಂ, ಬರೀ ಏರ್ ಗನ್ನು" ಅಂದರೆ ಅಲ್ಲಿಗೆ ಮಾತು ಮುಗಿಸಿ. ಬರೀ ಅನ್ನುವವರ ಕೈಗೆ ಮಗುವನ್ನು ಕೊಡಬಾರದು.

ದುಡ್ಡು ಕಟ್ಟುವ ಮುಂಚೆ ಜಾಗ ನೋಡಿ

ನಾನು ಎರಡು ಕಡೆ ಹೋಗಿದ್ದೆ. ಮೊದಲನೆಯ ಕಡೆ ಖಾಲಿ ಸೈಟು, ಒಂದು ಹೊಂಗೆ ಮರ, ಕಾಂಪೌಂಡ್ ಗೋಡೆಗೆ ಅಂಟಿಸಿದ ಟಾರ್ಗೆಟ್ ಹಾಳೆ. ಹತ್ತು ಹನ್ನೆರಡು ಮಕ್ಕಳು, ನಾಲ್ಕು ಬಂದೂಕು, ಒಬ್ಬ ಹುಡುಗ ಕೋಚ್. ಆತ ಮೊಬೈಲಿನಲ್ಲಿ ಮಕ್ಕಳ ವಿಡಿಯೋ ಮಾಡುತ್ತಿದ್ದ. ಅವನನ್ನು ಮಾತಾಡಿಸಿದರೆ, ಪಕ್ಕದಲ್ಲಿದ್ದ ಹುಡುಗ ಬಂದೂಕು ಹಿಡಿದುಕೊಂಡೇ ನನ್ನ ಕಡೆ ತಿರುಗಿ "ನಮಸ್ತೆ ಆಂಟಿ" ಅಂದ. ಒಳ್ಳೆ ಸಂಸ್ಕಾರವಂತ ಮಗು, ನಳಿಗೆ ಮಾತ್ರ ನನ್ನ ಹೊಟ್ಟೆಗೆ ನೇರವಾಗಿತ್ತು. ನಾನು ಬಂದ ದಾರಿಯಲ್ಲೇ ವಾಪಸಾದೆ.

ಎರಡನೆಯದು ಒಂದು ಹಳೇ ಸಭಾಂಗಣ. ಚಂದವೇನಿರಲಿಲ್ಲ, ಫ್ಯಾನು ಕಿರ್ ಅನ್ನುತ್ತಿತ್ತು. ಆದರೆ ಒಳಗೆ ಬರಲು ಒಂದೇ ಬಾಗಿಲು, ಅದೂ ಹೊಡೆಯುವವರ ಬೆನ್ನ ಹಿಂದೆ. ಟಾರ್ಗೆಟ್ ಕಡೆಯ ಬಾಗಿಲಿಗೆ ಒಳಗಿನಿಂದ ಬೀಗ. ನೀವು ಹೋದಾಗ ಮೊದಲು ನೋಡಬೇಕಾದ್ದು ಇದನ್ನೇ. ಗುಂಡು ಹೋಗುವ ದಾರಿಗೆ ಅಡ್ಡಲಾಗಿ ಯಾರಾದರೂ ಬರಲು ಸಾಧ್ಯವಿದೆಯೇ? ಬೆಕ್ಕು, ಬಾಲು ಹುಡುಕುವ ಹುಡುಗ, ಕಸ ಗುಡಿಸುವಾಕೆ, ಯಾರಾದರೂ ಸರಿ. ಸಾಧ್ಯವಿದ್ದರೆ ಅದು ರೇಂಜ್ ಅಲ್ಲ.

ಆಮೇಲೆ ಟಾರ್ಗೆಟ್ಟಿನ ಹಿಂದೆ ಏನಿದೆ ನೋಡಿ. ಬರೀ ಗೋಡೆಗೋ ಕಲ್ಲಿಗೋ ಹೊಡೆದರೆ ಸೀಸ ಚಪ್ಪಟೆಯಾಗಿ ಸಿಡಿದು ವಾಪಸ್ ಬರುತ್ತದೆ. ಕಾರ್ಡಿನ ಹಿಂದೆ ಪೆಲೆಟ್ ಹಿಡಿಯುವ ಕಬ್ಬಿಣದ ಪೆಟ್ಟಿಗೆ ಇರಬೇಕು, ಅದರ ಸುತ್ತಲೂ ಗುರಿ ತಪ್ಪಿದ್ದನ್ನು ತಡೆಯಲು ದಪ್ಪ ಹಲಗೆಯೋ ರಬ್ಬರ್ ಹಾಳೆಯೋ ಇರಬೇಕು. ಹೊಡೆಯುವವರಿಗೂ ಪಕ್ಕದಲ್ಲಿ ನಿಂತವರಿಗೂ ಕಣ್ಣಿಗೆ ಕನ್ನಡಕ ಇರಲೇಬೇಕು. ಬಂದೂಕುಗಳು ಕ್ಲಾಸ್ ಮುಗಿದ ಮೇಲೆ ಎಲ್ಲಿಗೆ ಹೋಗುತ್ತವೆ ಅಂತ ಕೇಳಿ. ಬೀರುವಿಗೆ, ಬೀಗ ಹಾಕಿ, ಅನ್ನುವ ಉತ್ತರ ಬರಬೇಕು.

ಒಂದು ಸಲಕ್ಕೆ ಎಷ್ಟು ಮಕ್ಕಳು ಹೊಡೆಯುತ್ತಾರೆ, ಅವರ ಬೆನ್ನಿಗೆ ಎಷ್ಟು ಜನ ದೊಡ್ಡವರು ನಿಲ್ಲುತ್ತಾರೆ ಅನ್ನುವುದನ್ನೂ ಎಣಿಸಿ. ಹೊಸ ಮಕ್ಕಳಾದರೆ ಇಬ್ಬರಿಗೆ ಒಬ್ಬರಾದರೂ ಬೇಕು ಅನ್ನುವುದು ನನ್ನ ಲೆಕ್ಕ. ಶಿಬಿರದಲ್ಲಿ 20 ಮಕ್ಕಳಿದ್ದರೂ ಅಡ್ಡಿಯಿಲ್ಲ, ಒಮ್ಮೆಗೆ ನಾಲ್ಕು ಜನ ಮಾತ್ರ ಗೆರೆಯ ಹತ್ತಿರ ಇದ್ದು ಮಿಕ್ಕವರು ಹಿಂದೆ ಚಾಪೆಯ ಮೇಲೆ ಕೂತಿದ್ದರೆ ಸಾಕು. ನನ್ನ ಮಗಳಿಗೆ ಎರಡು ಗಂಟೆಯ ಕ್ಲಾಸಿನಲ್ಲಿ ಬಂದೂಕು ಕೈಗೆ ಸಿಗುತ್ತಿದ್ದುದು ಹೆಚ್ಚೆಂದರೆ 25 ನಿಮಿಷ. ಮೊದಮೊದಲು ಇದು ಮೋಸ ಅನ್ನಿಸಿತ್ತು.

ವಯಸ್ಸಿನ ಮಾತು. 10 ತುಂಬದ ಮಕ್ಕಳನ್ನು ನಾನಾದರೆ ಕಳಿಸುವುದಿಲ್ಲ. ಧೈರ್ಯದ ಪ್ರಶ್ನೆ ಅಲ್ಲಿಲ್ಲ, ಹೇಳಿದ ತಕ್ಷಣ ಕೈ ನಿಲ್ಲಿಸುವ ಹಿಡಿತ ಬೇಕಲ್ಲ, ಅದು. ಮನೆಯಲ್ಲಿ ಓಡುತ್ತಿರುವ ಮಗುವಿಗೆ "ನಿಂತ್ಕೊ" ಅಂದರೆ ಎಷ್ಟನೆಯ ಸಲಕ್ಕೆ ನಿಲ್ಲುತ್ತದೆ ನೋಡಿಕೊಳ್ಳಿ. ಉತ್ತರ ನಿಮಗೇ ಸಿಗುತ್ತದೆ.

ಮನೆಯಲ್ಲೇ ಮುಗಿಸಬಹುದಾದ ತಯಾರಿ

ಮಗುವಿನ ಯಾವ ಕಣ್ಣು ಯಜಮಾನ ಅಂತ ತಿಳಿದುಕೊಳ್ಳಿ. ಎರಡು ಕೈಯನ್ನೂ ಮುಂದಕ್ಕೆ ಚಾಚಿ, ಅಂಗೈಗಳನ್ನು ಒಂದರ ಮೇಲೊಂದು ಇಟ್ಟು ನಡುವೆ ಸಣ್ಣ ಕಿಂಡಿ ಮಾಡಿಸಿ. ಎರಡೂ ಕಣ್ಣು ತೆರೆದು ಆ ಕಿಂಡಿಯಲ್ಲಿ ಗೋಡೆ ಗಡಿಯಾರ ನೋಡಲಿ. ಈಗ ಒಂದೊಂದೇ ಕಣ್ಣು ಮುಚ್ಚಲಿ. ಯಾವ ಕಣ್ಣಿಗೆ ಗಡಿಯಾರ ಕಿಂಡಿಯಲ್ಲೇ ಉಳಿಯುತ್ತದೋ ಅದೇ ಯಜಮಾನ. ನನ್ನ ಮಗಳದು ಬಲಗೈ, ಕಣ್ಣು ಮಾತ್ರ ಎಡ. ಹೀಗಿದ್ದರೆ ಎರಡು ದಾರಿ: ಎಡ ಭುಜಕ್ಕೇ ಬಂದೂಕು ಒರಗಿಸಿ ಕಲಿಯುವುದು, ಇಲ್ಲವೇ ಬಲಗಡೆಯಿಂದಲೇ ಹೊಡೆಯುತ್ತ ಎಡಗಣ್ಣಿಗೆ ಮರೆ ಕಟ್ಟುವುದು. ಅವಳ ಕೋಚ್ ಕನ್ನಡಕದ ಎಡ ಗಾಜಿಗೆ ಒಂದು ತುಂಡು ಬಿಳಿ ಟೇಪು ಅಂಟಿಸಿದರು, ಕೆಲಸ ಮುಗಿಯಿತು. ಸಿನಿಮಾದವರ ಹಾಗೆ ಒಂದು ಕಣ್ಣು ಬಿಗಿಯಾಗಿ ಮುಚ್ಚುವುದು ಬೇಡ. ಮುಚ್ಚಿದ ಕಣ್ಣಿನ ಬಿಗಿತ ತೆರೆದ ಕಣ್ಣಿಗೂ ಹತ್ತುತ್ತದೆ. ಕನ್ನಡಕ ಹಾಕುವ ಮಗುವಾದರೆ ನಂಬರ್ ಹಳೆಯದಾಗಿದೆಯೇ ಅಂತ ಶಿಬಿರಕ್ಕೆ ಮೊದಲೇ ತೋರಿಸಿಬಿಡಿ.

ಬೆರಳಿಗೊಂದು ಅಭ್ಯಾಸ. ಟಿಕ್ ಅನ್ನುವ ಪೆನ್ನನ್ನು ಮುಷ್ಟಿಯಲ್ಲಿ ಹಿಡಿಸಿ, ಮುಷ್ಟಿಯ ಬೆನ್ನ ಮೇಲೆ ಒಂದು ಹುಣಸೆಬೀಜ ಇಡಿ. ಬೀಜ ಬೀಳದ ಹಾಗೆ ಪೆನ್ನಿನ ತಲೆ ಒತ್ತಬೇಕು. ಮೆಲ್ಲಗೆ, ಯಾವಾಗ ಟಿಕ್ ಅಂದೀತು ಅಂತ ತನಗೇ ಗೊತ್ತಾಗದಷ್ಟು ಮೆಲ್ಲಗೆ. ತುಮಕೂರಿನ ಮನೆಗಳಲ್ಲಿ ಹುಣಸೆಬೀಜಕ್ಕೇನು ಬರ! ನಮ್ಮ ಮನೆಯಲ್ಲಿ ಇದನ್ನು ತಾತ ಮೊಮ್ಮಗಳು ಪೈಪೋಟಿಯ ಮೇಲೆ ಆಡಿದರು, ಕೈ ನಡುಗುವ ತಾತನೇ ಹೆಚ್ಚು ಸಲ ಗೆದ್ದರು. ಟ್ರಿಗರ್ ಒತ್ತುವುದೂ ಹೀಗೇ ಅಂತ ಶಿಬಿರದಲ್ಲಿ ಆಮೇಲೆ ತಿಳಿಯಿತು.

ಬಟ್ಟೆ ಮೈಗೆ ಹೊಂದುವಂತಿರಲಿ, ಜೋಲುವ ತೋಳು ಬೇಡ. ಮುಂಭಾಗ ಮುಚ್ಚಿದ, ತಳ ಚಪ್ಪಟೆಯಾದ ಶೂ. ಉದ್ದ ಕೂದಲಿದ್ದರೆ ಜಡೆ ಹೆಣೆದು ಹಿಂದೆ. ತಿಂಡಿ ತಿಂದೇ ಹೋಗಲಿ, ಹೊಟ್ಟೆ ಬಿರಿಯುವಷ್ಟು ಬೇಡ. ಕ್ಯಾತ್ಸಂದ್ರದ ತಟ್ಟೆ ಇಡ್ಲಿಯಾದರೆ ಒಂದು ಸಾಕು. ಕಾಫಿ ಬೇಡ, ಎದೆ ಬಡಿತ ನಳಿಗೆಯ ತುದಿಯಲ್ಲಿ ಕಾಣುತ್ತದೆ. ಬೆಳಿಗ್ಗೆ 7ಕ್ಕೆ ಶುರುವಾಗಿ 9ಕ್ಕೆ ಮುಗಿಯುವ ಬ್ಯಾಚ್ ಸಿಕ್ಕರೆ ಅದನ್ನೇ ಹಿಡಿಯಿರಿ. ಹನ್ನೊಂದರ ಬಿಸಿಲಿನಲ್ಲಿ ತಗಡಿನ ಮಾಡಿನ ಕೆಳಗೆ ಬೆವರಿದ ಕೆನ್ನೆ ಬಂದೂಕಿನ ಮರಕ್ಕೆ ಜಾರುತ್ತಿರುತ್ತದೆ.

ಮೊದಲ ದಿನ ಗುಂಡು ಹಾರದಿದ್ದರೆ ಒಳ್ಳೆಯದು

ಮೊದಲ ದಿನ ಮಗಳು ಮುಖ ಊದಿಸಿಕೊಂಡು ಬಂದಳು. ಎರಡು ಗಂಟೆ ಕಾಲ ನಾಲ್ಕು ಮಾತು ಮಾತ್ರ ಕಲಿಸಿದ್ದರು: ಲೋಡ್, ಸ್ಟಾರ್ಟ್, ಸ್ಟಾಪ್, ಅನ್‌ಲೋಡ್. ಲೋಡ್ ಅನ್ನುವ ತನಕ ಪೆಲೆಟ್ ಮುಟ್ಟುವಂತಿಲ್ಲ. ಸ್ಟಾರ್ಟ್ ಅನ್ನುವ ತನಕ ಹೊಡೆಯುವಂತಿಲ್ಲ. ಸ್ಟಾಪ್ ಅಂದರೆ ಟ್ರಿಗರ್ ಅರ್ಧ ಒತ್ತಿದ್ದರೂ ಬೆರಳು ಹೊರಗೆ. ಅನ್‌ಲೋಡ್ ಆದ ಮೇಲೆ ನಳಿಗೆ ಖಾಲಿಯಿದೆ ಅಂತ ತೋರಿಸಲು ಅದರೊಳಗೆ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ದಾರ ತೂರಿಸಿ, ಬಂದೂಕನ್ನು ಮೇಜಿನ ಮೇಲೆ ಟಾರ್ಗೆಟ್ ಕಡೆಗೆ ಮುಖ ಮಾಡಿ ಇಟ್ಟು, ಒಂದು ಹೆಜ್ಜೆ ಹಿಂದಕ್ಕೆ. ಒಲಿಂಪಿಕ್ ರೇಂಜಿನಲ್ಲೂ ಈ ದಾರ ಇದ್ದೇ ಇರುತ್ತದೆ. ನಮ್ಮ ಮಕ್ಕಳು ಇದನ್ನು ಪೊರಕೆ ಕಡ್ಡಿ ಹಿಡಿದು ಅಭ್ಯಾಸ ಮಾಡಿದರು. ಮೂರು ಮಾತು ಮಾತ್ರ ಗೋಡೆಯ ಮೇಲೆ ದೊಡ್ಡದಾಗಿ ಬರೆದಿತ್ತು: ಬಂದೂಕಿನಲ್ಲಿ ಗುಂಡು ಇದೆ ಅಂತಲೇ ತಿಳಿ. ನಳಿಗೆ ಯಾವಾಗಲೂ ಟಾರ್ಗೆಟ್ ಕಡೆಗೆ. ಹೊಡೆಯುವ ಮನಸ್ಸಾಗುವ ತನಕ ಬೆರಳು ಟ್ರಿಗರಿನ ಹೊರಗೆ.

"ನಾಳೆನೂ ಕಡ್ಡೀನೇ ಕೊಟ್ರೆ ನಾನು ಹೋಗಲ್ಲ" ಅಂದಳು. ಎರಡನೇ ದಿನ ಬಂದೂಕು ಬಂತು.

ಇಲ್ಲಿ ಅಪ್ಪ ಅಮ್ಮಂದಿರು ಗಮನಿಸಬೇಕಾದ್ದು ಒಂದಿದೆ. ಶಿಬಿರಗಳಲ್ಲಿ ಸಾಮಾನ್ಯವಾಗಿ ಇರುವುದು ನಳಿಗೆಯನ್ನೇ ನಡುವಿನಲ್ಲಿ ಕೆಳಕ್ಕೆ ಮಡಿಚಿ ಸ್ಪ್ರಿಂಗ್ ಬಿಗಿಯುವ ಬಂದೂಕು. ಆ ಸ್ಪ್ರಿಂಗಿಗೆ ಬಲ ಜಾಸ್ತಿ. ಮಡಿಚಿದ ನಳಿಗೆ ಕೈ ಜಾರಿದರೆ, ಇಲ್ಲವೇ ಆಗಲೇ ಯಾರಾದರೂ ಟ್ರಿಗರ್ ಮುಟ್ಟಿದರೆ, ಚಿಮ್ಮಿ ಮೇಲಕ್ಕೆ ಬಡಿಯುತ್ತದೆ. ನಡುವೆ ಬೆರಳು ಸಿಕ್ಕಿಕೊಂಡರೆ ಮೂಳೆ ಉಳಿಯುವುದಿಲ್ಲ. ಅದಕ್ಕೇ 11, 12 ವರ್ಷದ ಮಕ್ಕಳಿಗೆ ಬಿಗಿದುಕೊಡುವ ಕೆಲಸ ದೊಡ್ಡವರದು. ಪೆಲೆಟ್ ಇಡುವಾಗಲೂ ದೊಡ್ಡವರ ಒಂದು ಕೈ ನಳಿಗೆಯ ಮೇಲೆ ಇರಬೇಕು. ಗಾಳಿ ತುಂಬಿದ ಸಿಲಿಂಡರಿನಿಂದ ಕೆಲಸ ಮಾಡುವ ಸ್ಪರ್ಧೆಯ ಬಂದೂಕಿನಲ್ಲಿ ಈ ರಗಳೆ ಇಲ್ಲ, ಆದರೆ ಅದರ ಬೆಲೆಗೆ ಸಣ್ಣ ಊರಿನ ಶಿಬಿರಗಳು ಕೈ ಹಾಕುವುದು ಅಪರೂಪ.

ಗುರಿ, ಉಸಿರು, ಬೆರಳು

ಟಾರ್ಗೆಟ್ಟಿಗೆ ದೂರ 10 ಮೀಟರ್. ನಮ್ಮ ಹಜಾರದಿಂದ ಹಿತ್ತಲ ಬಾಗಿಲಿಗೆ ಇರುವಷ್ಟು. ಇಷ್ಟೇನಾ ಅನ್ನಿಸುತ್ತದೆ. ಏರ್ ರೈಫಲ್ ಸ್ಪರ್ಧೆಯ ಕಾರ್ಡು ಅಂಗೈಯಗಲ, 8 ಸೆಂ.ಮೀ. ಚೌಕ. ಅದರ ನಡುವೆ 30.5 ಮಿ.ಮೀ. ಅಗಲದ ಕಪ್ಪು. ಕಪ್ಪಿನ ನಟ್ಟನಡುವೆ ಹತ್ತು ಅಂಕದ ಬಿಳಿ ಚುಕ್ಕೆ. ಆ ಚುಕ್ಕೆ ಎಷ್ಟು ದೊಡ್ಡದು? ಅರ್ಧ ಮಿಲಿಮೀಟರ್. ರಾಗಿ ಕಾಳು ಇದಕ್ಕಿಂತ ದಪ್ಪ. ಪಿಸ್ತೂಲಿನ ಕಾರ್ಡು 17 ಸೆಂ.ಮೀ. ಚೌಕ, ಅದರ ಹತ್ತರ ವೃತ್ತ 11.5 ಮಿ.ಮೀ. ಹೊಸ ಮಕ್ಕಳಿಗೆ ಮೊದಲ ವಾರ ರೈಫಲ್ಲಿಗೂ ಈ ದೊಡ್ಡ ಕಾರ್ಡನ್ನೇ ಕಟ್ಟುವುದು ಜಾಣತನ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಒಲಿಂಪಿಕ್ ಚಿನ್ನ ಗೆದ್ದದ್ದು ಇದೇ 10 ಮೀಟರಿನಲ್ಲಿ, ಆ ರಾಗಿ ಕಾಳಿಗೂ ಸಣ್ಣ ಚುಕ್ಕೆಗೆ ಹೊಡೆದು. ಫೈನಲ್‌ನಲ್ಲಿ ಅಂಕವನ್ನು ದಶಾಂಶದಲ್ಲಿ ಎಣಿಸುತ್ತಾರೆ, ಅವರ ಕೊನೆಯ ಗುಂಡಿಗೆ ಬಂದದ್ದು 10.8, ಒಂದು ಗುಂಡಿಗೆ ಸಿಗಬಹುದಾದ ಗರಿಷ್ಠವೇ 10.9.

ಬಂದೂಕಿನ ಹಿಂದೆ ಒಂದು ಸೀಳು, ಮುಂದೆ ಒಂದು ಕಡ್ಡಿ. ಸೀಳಿನ ನಡುವೆ ಕಡ್ಡಿ ಕೂತು, ಕಡ್ಡಿಯ ಮೇಲೆ ಕಪ್ಪು ಕೂರಬೇಕು. ಕಣ್ಣು ಸ್ಪಷ್ಟವಾಗಿ ನೋಡಬೇಕಾದ್ದು ಮುಂದಿನ ಕಡ್ಡಿಯನ್ನು. ಟಾರ್ಗೆಟ್ ತುಸು ಮಸುಕಾದರೆ ಆಗಲಿ. ಮಕ್ಕಳಿಗೆ ಇದು ಒಗ್ಗುವುದಿಲ್ಲ, ಹೊಡೆಯಬೇಕಾದ್ದನ್ನು ಬಿಟ್ಟು ಕಡ್ಡಿ ಯಾಕೆ ನೋಡಬೇಕು ಅನ್ನುತ್ತಾರೆ. ನನ್ನ ಮಗಳಿಗೆ ಅರ್ಥವಾದದ್ದು ಲೆಕ್ಕ ಹಾಕಿ ತೋರಿಸಿದ ಮೇಲೆ. ಸೀಳಿಗೂ ಕಡ್ಡಿಗೂ ನಡುವೆ ಅರ್ಧ ಮೀಟರ್ ಅಂತ ಇಟ್ಟುಕೊಳ್ಳಿ. ಟಾರ್ಗೆಟ್ ಅದರ 20 ಪಟ್ಟು ದೂರ. ಕಡ್ಡಿ 1 ಮಿ.ಮೀ. ಪಕ್ಕಕ್ಕೆ ಸರಿದರೆ ಅಲ್ಲಿ ಪೆಲೆಟ್ 20 ಮಿ.ಮೀ. ಪಕ್ಕಕ್ಕೆ, ಅಂದರೆ ಕಪ್ಪಿನಿಂದಲೇ ಆಚೆ. ತ್ರಿಭುಜದ ಪಾಠವನ್ನು ಅವಳ ಶಾಲೆಯಲ್ಲಿ ಇನ್ನೂ ಮಾಡಿರಲಿಲ್ಲ, ಇಲ್ಲಿ ಆಯಿತು.

ಮಕ್ಕಳು ನಿಂತು ಹೊಡೆಯುವುದು ಬೇಡ. ಬಂದೂಕು ಮೂರು ಕಿಲೋ ತೂಗುತ್ತದೆ. ಕುರ್ಚಿಯಲ್ಲಿ ಕೂತು, ಮೇಜಿನ ಮೇಲಿನ ಮರಳು ಚೀಲದ ಮೇಲೆ ಕೈ ಇಟ್ಟು, ಕೈಯ ಮೇಲೆ ಬಂದೂಕು ಮಲಗಬೇಕು. ಬಿಗಿಯಾಗಿ ಹಿಚುಕಿ ಹಿಡಿಯುವುದೂ ಬೇಡ. ಸ್ಪ್ರಿಂಗ್ ಬಂದೂಕು ಪೆಲೆಟ್ ಹೊರಡುವ ಮುಂಚೆಯೇ ಒಳಗೆ ಒಮ್ಮೆ ಜಗ್ಗುತ್ತದೆ. ಹಿಚುಕಿದರೆ ಆ ಜಗ್ಗಾಟ ಪ್ರತಿ ಸಲವೂ ಬೇರೆ ಬೇರೆ ದಿಕ್ಕಿಗೆ.

ಉಸಿರು ಎಳೆದುಕೊ, ಬಿಡು, ಬಿಟ್ಟ ಮೇಲೆ ಸಹಜವಾಗಿ ಒಂದು ನಿಲುಗಡೆ ಬರುತ್ತದಲ್ಲ, ಅಲ್ಲಿ ನಿಲ್ಲು. ಆ ನಿಲುಗಡೆಯಲ್ಲೇ ಬೆರಳು ಒತ್ತುತ್ತಾ ಹೋಗಬೇಕು. ಐದಾರು ಸೆಕೆಂಡಿನೊಳಗೆ ಗುಂಡು ಹೋದರೆ ಸರಿ. ಎಂಟು ದಾಟಿತೋ, ಕಣ್ಣು ಮಂಜಾಗುತ್ತದೆ, ತೋಳು ನಡುಗುತ್ತದೆ, ಆಗ ಮಗು ಏನು ಮಾಡುತ್ತದೆ? ಹೇಗಾದರೂ ಹೋಗಲಿ ಅಂತ ಟ್ರಿಗರ್ ಕೀಳುತ್ತದೆ. ಆ ಗುಂಡು ಎಲ್ಲೋ.

ಹಾಗೆ ಕೀಳುವ ಬದಲು ಬಂದೂಕು ಇಳಿಸಬೇಕು. ಬೆರಳು ಹೊರಗೆ, ನಳಿಗೆ ಮುಂದಕ್ಕೇ ಇರಲಿ, ಎರಡು ಉಸಿರು, ಮತ್ತೆ ಮೊದಲಿನಿಂದ. ಕೇಳಲು ಸುಲಭ. ಪಕ್ಕದ ಹುಡುಗ ಟಪ್ ಟಪ್ ಅಂತ ಹತ್ತೂ ಮುಗಿಸಿ ಕೂತಿರುವಾಗ ಇಳಿಸುವುದಕ್ಕೆ ಮನಸ್ಸು ಬರುವುದಿಲ್ಲ. ನಾಲ್ಕನೆಯ ದಿನ ನನ್ನ ಮಗಳು ಹತ್ತು ಪೆಲೆಟ್ಟಿಗೆ ಆರು ಸಲ ಇಳಿಸಿದಳಂತೆ. ಎಲ್ಲರೂ ಅವಳೊಬ್ಬಳಿಗಾಗಿ ಕಾದರು. ಬಟವಾಡಿ ದಾಟುವ ತನಕ ಸ್ಕೂಟರಿನ ಹಿಂದೆ ಮಾತಿಲ್ಲ, ಆಮೇಲೆ ಬಿಕ್ಕಳಿಕೆ. "ನಾನೇ ಲಾಸ್ಟು." ಮನೆಗೆ ಬಂದು ಕಾರ್ಡು ನೋಡಿದೆ. ಮೂಲೆಯಲ್ಲಿ ಕೋಚ್ ಪೆನ್ಸಿಲಿನಲ್ಲಿ ಆರು ಸಣ್ಣ ಗೆರೆ ಎಳೆದು, ಪಕ್ಕದಲ್ಲಿ ‘ಇ’ ಅಂತ ಬರೆದು ಸುತ್ತು ಹಾಕಿದ್ದರು. ಇಳಿಸಿದ್ದು ಆರು. ಅಂಕ ಕೂಡಿಯೇ ಇರಲಿಲ್ಲ. ಮರುದಿನ ವಿಚಾರಿಸಿದರೆ, ಮೊದಲ ವಾರ ತಾವು ಬರೆದಿಡುವುದು ಅದೊಂದನ್ನೇ ಅಂದರು. ಒಂದೂ ಗೆರೆಯಿಲ್ಲದ ಕಾರ್ಡಿನ ಮಗುವಿನ ಪಕ್ಕಕ್ಕೇ ಮರುದಿನ ಅವರು ಕುರ್ಚಿ ಹಾಕಿ ಕೂರುತ್ತಿದ್ದರು. ಆ ಹೊತ್ತಿಗೆ ನನಗೆ ಇವರಿಗೆ ಕೊಟ್ಟ ದುಡ್ಡು ಸಾರ್ಥಕ ಅನ್ನಿಸಿತು.

ಗುಂಡು ಹೋದ ಮೇಲೂ ಒಂದೆರಡು ಸೆಕೆಂಡು ಹಾಗೇ ನೋಡುತ್ತಿರಬೇಕು. ಸೆಕೆಂಡಿಗೆ ಸುಮಾರು 170 ಮೀಟರ್ ವೇಗದ ಪೆಲೆಟ್ 10 ಮೀಟರ್ ದಾಟಲು ತಗಲುವುದು 0.06 ಸೆಕೆಂಡು. ತಲೆ ಎತ್ತಿ ಇಣುಕುವ ಆತುರ ಶುರುವಾಗುವುದು ಅದಕ್ಕೂ ಮೊದಲು, ಕೆನ್ನೆ ಮರದಿಂದ ಎದ್ದಾಗ ಬಂದೂಕು ಅಲುಗುವುದೂ ಆಗಲೇ.

ಕಾರ್ಡು ಓದುವುದು

ಮಗು ಕಾರ್ಡು ತಂದು ಕೈಗೆ ಕೊಟ್ಟಾಗ "ಎಷ್ಟು ಬಂತು?" ಅನ್ನುವುದು ನಮ್ಮ ಬಾಯಲ್ಲಿ ತಾನಾಗಿ ಬರುತ್ತದೆ, ಹಾಳಾದ್ದು ಎಸ್ಸೆಸ್ಸೆಲ್ಸಿ ಅಭ್ಯಾಸ. ಐದು ಗುಂಡಿನ ಎರಡು ಕಾರ್ಡು ನೋಡಿ. ಒಂದರಲ್ಲಿ 9, 3, 8, 2, 9, ಒಟ್ಟು 31, ತೂತುಗಳು ದಿಕ್ಕಾಪಾಲು. ಇನ್ನೊಂದರಲ್ಲಿ 4, 4, 5, 5, 4, ಒಟ್ಟು 22, ಆದರೆ ಐದೂ ತೂತು ಎಡಕ್ಕೆ ಕೆಳಗೆ ಒಂದು ರೂಪಾಯಿ ನಾಣ್ಯದಡಿ ಮುಚ್ಚಿಹೋಗುವಷ್ಟು ಒತ್ತಾಗಿವೆ. ಎರಡನೆಯ ಮಗು ಮುಂದಿದೆ. ಅದು ಐದು ಸಲವೂ ಒಂದೇ ಕೆಲಸ ಮಾಡಿದೆ, ತಪ್ಪಿರುವುದು ಬಂದೂಕಿನ ಹಿಂದಿನ ಸೀಳು ಅಷ್ಟೆ. ಪೆಲೆಟ್ ಯಾವ ಕಡೆಗೆ ಸರಿಯಬೇಕೋ ಸೀಳನ್ನೂ ಅದೇ ಕಡೆಗೆ, ಇಲ್ಲಿ ಬಲಕ್ಕೂ ಮೇಲಕ್ಕೂ, ಸ್ಕ್ರೂ ತಿರುಗಿಸಿ ಸರಿಸಿದರೆ ಇಡೀ ಗುಂಪು ನಡುವಿಗೆ ಬರುತ್ತದೆ. ಮೊದಲನೆಯ ಕಾರ್ಡಿಗೆ ಇಂಥ ಸ್ಕ್ರೂ ಇಲ್ಲ. ಪ್ರತಿ ಕಾರ್ಡಿನ ಹಿಂದೆ ತಾರೀಕು ಬರೆದು ಒಂದು ಡಬ್ಬಿಗೆ ಹಾಕಿಡಿ. ಅಂದ ಹಾಗೆ ತೂತಿನ ಅಂಚು ಗೆರೆಗೆ ತಾಗಿದರೂ ಸಾಕು, ಹೆಚ್ಚಿನ ಅಂಕವೇ ಸಿಗುತ್ತದೆ. ಇದು ಗೊತ್ತಿದ್ದರೆ ಮನೆಯಲ್ಲಿ ಜಗಳ ಕಡಿಮೆ.

ಸೀಸದ ಕೈ

ಪೆಲೆಟ್ ಸೀಸದ್ದು, ಸೀಸ ಮಕ್ಕಳಿಗೆ ವಿಷ. ಬಾಯಲ್ಲಿ ಹಿಡಿದುಕೊಳ್ಳುವ ಚಟ ಕೆಲವು ಹುಡುಗರಿಗೆ ಇರುತ್ತದೆ, ದರ್ಜಿ ಗುಂಡುಸೂಜಿ ಹಿಡಿದ ಹಾಗೆ. ಕಂಡರೆ ಅಲ್ಲೇ ತಡೆಯಿರಿ. ರೇಂಜಿನ ಒಳಗೆ ಬಿಸ್ಕತ್ತೂ ಇಲ್ಲ, ನೀರಿನ ಬಾಟಲೂ ಇಲ್ಲ. ಹೊರಗೆ ಬಂದ ಕೂಡಲೇ ಸೋಪು ಹಾಕಿ ಮೊಣಕೈ ತನಕ ತೊಳೆದು, ಆಮೇಲೆ ತಿನ್ನುವುದು. ಶಿಬಿರದಲ್ಲಿ ಸೋಪು ಇರುವುದಿಲ್ಲ, ನೀವೇ ಒಂದು ತುಂಡು ಚೀಲದಲ್ಲಿ ಹಾಕಿ ಕಳಿಸಿ. ಜೇಬಿನಲ್ಲಿ ಪೆಲೆಟ್ ಉಳಿದಿದೆಯೇ ಅಂತ ಬಟ್ಟೆ ನೆನೆಸುವ ಮುಂಚೆ ನೋಡಿ. ನಮ್ಮ ವಾಷಿಂಗ್ ಮೆಷಿನ್‌ನಲ್ಲಿ ಎರಡು ಸಿಕ್ಕಿದವು.

ನೋಡಲು ಹೋದಾಗ

ಇದು ನನ್ನದೇ ತಪ್ಪಿನ ಕಥೆ. ಎರಡನೇ ವಾರ ಒಂದು ದಿನ ಹೆತ್ತವರಿಗೆ ಹಿಂದಿನ ಬೆಂಚಿನಲ್ಲಿ ಕೂರಲು ಬಿಟ್ಟಿದ್ದರು. ಮಗಳು ಗುರಿ ಹಿಡಿದಿದ್ದಳು, ಅವಳ ಕಾಲಿನ ಲೇಸು ಬಿಚ್ಚಿತ್ತು. ನಾನು ತಡೆಯಲಾರದೆ ಅವಳ ಹೆಸರು ಕೂಗಿ "ಲೇಸು!" ಅಂದೆ. ಕೂಗಿದರೆ ಮಕ್ಕಳು ಏನು ಮಾಡುತ್ತಾರೆ? ತಿರುಗುತ್ತಾರೆ. ಅವಳ ಭುಜ ಅರ್ಧ ತಿರುಗಿತು, ಅಷ್ಟರಲ್ಲಿ ಹಿಂದೆ ನಿಂತಿದ್ದವರು ನಳಿಗೆಯ ಮೇಲೆ ಕೈ ಇಟ್ಟಾಗಿತ್ತು. "ಸ್ಟಾಪ್" ಅಂತ ಒಂದು ಕೂಗು, ನಾಲ್ಕೂ ಮಕ್ಕಳು ಬೆರಳು ತೆಗೆದು ಕಲ್ಲಾದರು. ಕೋಚ್ ನನ್ನ ಹತ್ತಿರ ಬಂದು, "ಮೇಡಂ, ದಯವಿಟ್ಟು ಹೊರಗಡೆ ಇರಿ" ಅಂದರು. ಅಲ್ಲಿದ್ದ ಏಳೆಂಟು ಅಪ್ಪ ಅಮ್ಮಂದಿರ ಎದುರಿಗೆ ನಾನು ಚಪ್ಪಲಿ ಹಾಕಿಕೊಂಡು ಹೊರಗೆ ಹೋಗಿ ಬೇವಿನ ಮರದಡಿ ನಿಂತೆ. ಆಗ ಅವಮಾನವಾಯಿತು. ನೋಡಲು ಹೋದಾಗ ಬಾಯಿ ಮುಚ್ಚಿರಿ, ಫೋಟೊಗೆ ಫ್ಲ್ಯಾಶ್ ಬೇಡ, ಫೋನು ಸದ್ದು ಮಾಡದಿರಲಿ. ಏನೇ ಕಂಡರೂ ಕೋಚ್‌ಗೆ ಹೇಳಿ, ಮಗುವಿಗೆ ಹೇಳಬೇಡಿ.

ಶಿಬಿರ ಮುಗಿದ ಮೇಲೆ

"ಅಮ್ಮ, ನಮಗೂ ಒಂದು ಬಂದೂಕು" ಅನ್ನುವ ದಿನ ಬಂದೇ ಬರುತ್ತದೆ. ಆನ್‌ಲೈನಿನಲ್ಲಿ ಸಿಗುತ್ತದೆ, ಲೈಸೆನ್ಸೂ ಬೇಡ, ಅಪ್ಪಂದಿರು ಬೇಗ ಕರಗುತ್ತಾರೆ. ನಾವು ಬೇಡ ಅಂದೆವು. ಮನೆಯ ಹಿತ್ತಲು ರೇಂಜ್ ಆಗುವುದಿಲ್ಲ, ಪಕ್ಕದ ಮನೆಯ ಮಗು ಯಾವಾಗ ಕಾಂಪೌಂಡ್ ಹತ್ತುತ್ತದೋ ಗೊತ್ತಿಲ್ಲ. ಹಳ್ಳಿಯ ತೋಟಕ್ಕೆ ಒಯ್ದರೆ ಇನ್ನೊಂದು ಆಸೆ ಹುಟ್ಟುತ್ತದೆ: ಗಿಳಿ, ಅಳಿಲು, ಮಾವಿನ ಮರದ ಮಂಗ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಮ್ಮ ಸುತ್ತ ಕಾಣುವ ಹೆಚ್ಚಿನ ಹಕ್ಕಿಗಳಿಗೆ ರಕ್ಷಣೆಯಿದೆ, ಗಿಳಿಗೆ ಹೊಡೆದರೂ ಅಪರಾಧವೇ. ಕ್ಯಾಟರ್‌ಬಿಲ್ಲಿನ ಕಾಲದವರಾದ ಮಾವನವರಿಗೆ ಇದನ್ನು ಹೇಳಿದಾಗ "ಹಂಗಾರೆ ನಾನು ಎಷ್ಟು ವರ್ಷ ಒಳಗಿರ್ಬೇಕಿತ್ತು" ಅಂತ ಬೆರಳು ಎಣಿಸಿದರು.

ಮಗುವಿಗೆ ನಿಜವಾಗಿ ಹಿಡಿಸಿದ್ದರೆ ಮೂರು ತಿಂಗಳು ಸುಮ್ಮನೆ ಕಾಯಿರಿ. ಮಳೆಗಾಲ ಬಂದು ಶಾಲೆ ಶುರುವಾದ ಮೇಲೂ ಕೇಳುತ್ತಿದ್ದರೆ ಆಗ ಕ್ಲಬ್ ಹುಡುಕಿ. ತುಮಕೂರಿನಿಂದ ಬೆಂಗಳೂರು 70 ಕಿ.ಮೀ., ವಾರಕ್ಕೊಮ್ಮೆ ರೈಲಿನಲ್ಲಿ ಹೋಗಿಬರುವ ದೂರ. ಸ್ಪರ್ಧೆಗಳಿಗೆ ಹೋಗುವ ದಾರಿ ಕರ್ನಾಟಕ ಸ್ಟೇಟ್ ರೈಫಲ್ ಅಸೋಸಿಯೇಷನ್ ಮೂಲಕ. ಅದರ ಮೇಲಿನದು 1951ರಿಂದ ಇರುವ ರಾಷ್ಟ್ರೀಯ ರೈಫಲ್ ಸಂಘ. ನಮ್ಮ ಬೆಂಗಳೂರಿನವರೇ ಆದ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದರು, 2016ರಲ್ಲಿ ರಿಯೊ ಒಲಿಂಪಿಕ್ಸ್‌ಗೂ ಹೋದರು. ಮಗಳಿಗೆ ಹೆಚ್ಚು ಹಿಡಿಸಿದ್ದು ಮನು ಭಾಕರ್ ಕಥೆ. ಟೋಕಿಯೊದಲ್ಲಿ ಸ್ಪರ್ಧೆಯ ನಡುವೆಯೇ ಪಿಸ್ತೂಲು ಕೈಕೊಟ್ಟಿತು, ಫೈನಲ್ ತಪ್ಪಿತು. ಮೂರು ವರ್ಷ ಬಿಟ್ಟು 2024ರಲ್ಲಿ ಪ್ಯಾರಿಸ್‌ನಿಂದ ಎರಡು ಕಂಚು ತಂದರು.

ನಮ್ಮವಳು ಆಗಸ್ಟಿನಲ್ಲಿ ಕೇಳುವುದನ್ನು ನಿಲ್ಲಿಸಿದಳು. ಈಗ ಕೀಬೋರ್ಡ್ ಕ್ಲಾಸು.

ಆದರೂ ಈ ವರ್ಷ ಜಾತ್ರೆಯಲ್ಲಿ ಬಲೂನ್ ಅಂಗಡಿ ಕಂಡಾಗ ತಾತನ ಕೈ ಜಗ್ಗಿದಳು. ಬಂದೂಕು ಎತ್ತಿಕೊಂಡು ಇನ್ನೇನು ಗುರಿ ಹಿಡಿಯಬೇಕು, ಅಂಗಡಿಯ ಹುಡುಗ ಒಡೆದ ಬಲೂನುಗಳ ಜಾಗಕ್ಕೆ ಹೊಸದು ಕಟ್ಟಲು ಹಲಗೆಯ ಹತ್ತಿರ ಹೋದ. ಇವಳು ಬಂದೂಕನ್ನು ಮುಂದಿನ ಹಲಗೆಯ ಮೇಲೆ ಮಲಗಿಸಿ ಒಂದು ಹೆಜ್ಜೆ ಹಿಂದೆ ಸರಿದು ಕೈ ಕಟ್ಟಿ ನಿಂತಳು. "ಹೊಡಿಯಮ್ಮ, ಅವ್ನು ಆ ಕಡೆ ಅವ್ನೆ, ಏನಾಗಲ್ಲ" ಅಂದ ಅಂಗಡಿಯವನು. ಹಿಂದೆ ಸಾಲು ಬೆಳೆಯಿತು. ಇವಳು ಅಲುಗಲಿಲ್ಲ. ಹುಡುಗ ಈಚೆ ಬಂದ ಮೇಲೆ ಬಂದೂಕು ಎತ್ತಿ ಕೆಂಪು ಬಲೂನಿಗೆ ಗುರಿಯಿಟ್ಟಳು, ಎಡಗಡೆಯ ಹಳದಿ ಒಡೆಯಿತು. ಇನ್ನೊಂದು ಸಲ ಬೇರೆ ಸಾಲಿನ ಕೆಂಪಿಗೆ ಇಟ್ಟಳು, ಮತ್ತೆ ಅದರ ಎಡಗಡೆಯದೇ ಒಡೆಯಿತು. "ತಾತ, ಇದ್ರ ಸೀಳು ಎಡಕ್ಕಿದೆ" ಅಂತ ಪಿಸುಗುಟ್ಟಿ, ಆಮೇಲೆ ತನಗೆ ಬೇಕಾದ ಬಲೂನಿನ ಬಲಗಡೆಯದಕ್ಕೆ ಗುರಿಯಿಡುತ್ತಾ ಹೋದಳು.